ಚುಕ್ಕಿ ಮಳಿಯಿಂದ ‘ನೋ ಸಿಗ್ನಲ್’ ತನಕ: ನಮ್ಮ ಸಗರನಾಡಿನ್ಯಾಗ ಟಿವಿ, ಮೊಬೈಲ್ ಕೆಟ್ಟ ಕಥಿ

ಮೊನ್ನೆ ಐತವಾರ ಸಂಜಿಮುಂದ ನಮ್ಮ ನೆಗೆಣ್ಣಿ ಸುರಪುರದಿಂದ ಫೋನ್ ಮಾಡಿದಳು. “ಅಕ್ಕಾ, ಟಿವಿ ಸತ್ತದ. ರಿಪೇರಿಯವ ಬಂದು ಬೋರ್ಡ್ ಹೋಗ್ಯದ, ಮೂರು ಸಾವಿರ ಆಗ್ತದ ಅಂತಾನ. ಕೊಟ್ಟು ಕಳಸ್ಲೇನು?” ಅಂದಳು. ನಾ ಕೇಳಿದೆ, “ಪರದಿ ಮ್ಯಾಲ ಏನರ ಬರದದ ಏನವ್ವ?” “ನೋ ಸಿಗ್ನಲ್ ಅಂತ ಬರ್ತದ.” “ಹಂಗಾದ್ರ ಟಿವಿ ಸತ್ತಿಲ್ಲ ಬಿಡು. ಸತ್ತಿದ್ರ ಅದನ್ನ ಬರಿಯಾಕರ ಹೆಂಗ ಬರ್ತಿತ್ತು? ಟಿವಿ ಹಿಂದ ಹೋಗಿ ಸೆಟ್ ಟಾಪ್ ಬಾಕ್ಸಿಂದ ಬರೋ ವಾಯರ್ ಒಮ್ಮಿ ಬಿಚ್ಚಿ ಗಟ್ಟಿಯಾಗಿ ಹಾಕು” ಅಂದೆ. ಎರಡು ನಿಮಿಷದಾಗ ಧಾರಾವಾಹಿ ಸಪ್ಪಳ ನನಗ ಫೋನಿನ್ಯಾಗೇ ಕೇಳಿಸ್ತು. ಮನಿ ಕಸ ಹೊಡಿಯೋ ಮುಂದ ಕಸಬರಿಗಿ ತಗಲಿ ವಾಯರ್ ಸಡ್ಲ ಆಗಿತ್ತು, ಅಷ್ಟೆ.

ಫೋನ್ ಇಟ್ಟ ಮ್ಯಾಲ ಸುಮ್ಮನ ಕುಂತು ವಿಚಾರ ಮಾಡಿದೆ. ಟಿವಿ ನಮ್ಮ ಕಡಿ ಬಂದು ಐವತ್ತು ವರ್ಷ ಆತು. ಅದನ್ನ ನೋಡಿದವ್ರು ನಾವು, ಒರಸಿದವ್ರು ನಾವು, ಮ್ಯಾಲ ಕಸೂತಿ ಅರಿವಿ ಹೊಚ್ಚಿದವ್ರು ನಾವು. ಕೆಟ್ಟಾಗ ಮಾತ್ರ “ನೀವು ಮುಟ್ಟಬ್ಯಾಡ್ರಿ” ಅನ್ನಿಸ್ಕೊಂಡವ್ರೂ ನಾವೇ. ಅದಕ್ಕ ಇವತ್ತು ಅಡಗಿ ಬದಲು ಇದನ್ನ ಬರೀಲಿಕ್ಕೆ ಕುಂತೀನಿ. ನಾನೇನು ಇಂಜಿನಿಯರ್ ಅಲ್ರಿ, ಪಿಯುಸಿ ಓದಿದಾಕಿ. ಆದ್ರ ಈ ಸಾಮಾನುಗಳು ಹೆಂಗ ಬಂದ್ವು, ಯಾವ ಕಾಲಕ್ಕ ಹೆಂಗ ಕೆಡ್ತಿದ್ವು ಅಂತ ತಿಳ್ಕೊಂಡ್ರ ಅರ್ಧ ಹೆದರಿಕಿ ಹೋಗ್ತದ.

ಮೊದಲು ಬಂದಿದ್ದು ರೇಡಿಯೋ. ಕಲಬುರಗಿ ಆಕಾಶವಾಣಿ 1966ರಾಗ ಸುರು ಆತು. ನಮ್ಮ ಮುತ್ಯಾನ ಮನ್ಯಾಗ ಚರ್ಮದ ಚೀಲ ತೊಟ್ಟ ಒಂದು ರೇಡಿಯೋ ಇತ್ತು. ಅದಕ್ಕ ಪೋಸ್ಟ್ ಆಫೀಸಿನ್ಯಾಗ ವರ್ಷಾ ರೊಕ್ಕ ಕಟ್ಟಿ ಲೈಸೆನ್ಸ್ ಮಾಡಿಸಬೇಕಿತ್ತು. ಆ ಪದ್ಧತಿ 1980ರ ದಶಕದಾಗ ರದ್ದಾತು. ರೇಡಿಯೋ ಕೆಟ್ಟದ ಅಂದ್ರ ಹತ್ತಕ್ಕ ಎಂಟು ಸಲ ಸೆಲ್ಲಿಂದೇ ತಕರಾರು. ದನಿ ಸಣ್ಣಗ ಆದ ಕೂಡ್ಲೆ ನಮ್ಮ ಆಯಿ ಸೆಲ್ ತಗದು ಮಾಳಿಗಿ ಮ್ಯಾಲ ಕೆಂಪು ಮೆಣಸಿನಕಾಯಿ ಜೋಡಿ ಬಿಸಿಲಿಗೆ ಇಡ್ತಿದ್ದಳು. ಬಿಸಿಲಿಗೆ ಒಳಗಿನ ಮಸಾಲಿ ಬೆಚ್ಚಗಾಗಿ ಇನ್ನೆರಡು ದಿನ ನಡೀತಿತ್ತು. ಹಾಕಿದ ಸೆಲ್ ತಗೀದೆ ಹಂಗೇ ಬಿಟ್ರ ಅದು ಸೋರಿ ಸ್ಪ್ರಿಂಗಿಗೆ ಹಸಿರು ಜಂಗು ಹಿಡಿಸ್ತಿತ್ತು. ಇವತ್ತಿಗೂ ರಿಮೋಟ್ ನಡೀಲಿಲ್ಲಂದ್ರ ನಾನು ಮೊದಲು ನೋಡೋದು ಆ ಸ್ಪ್ರಿಂಗೇ. ಒಣ ಅರಿವೀಲೆ ಅದನ್ನ ತಿಕ್ಕಿ, ಹೊಸಾ ಸೆಲ್ ಹಾಕಿದ್ರ ಬಹಳ ರಿಮೋಟ್ ಎದ್ದು ಕೂಡ್ತಾವ.

ಇನ್ನ ಟಿವಿ ಕಥಿ. ಬೆಂಗಳೂರಿನವ್ರು ತಮಗೇ ಮೊದಲು ಟಿವಿ ಬಂತು ಅಂತ ತಿಳ್ಕೊಂಡಿರ್ತಾರ. ಅಲ್ರಿ. ಕರ್ನಾಟಕದಾಗ ಮೊದಲು ಟಿವಿ ಕಂಡವ್ರು ನಮ್ಮ ಕಡಿ ಹಳ್ಳಿ ಮಂದಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ತನಕ ಒಂದು ವರ್ಷ ನಮ್ಮ ಇಸ್ರೋ ಮತ್ತ ಅಮೆರಿಕಾದ ನಾಸಾ ಕೂಡಿ ‘ಸೈಟ್’ ಅನ್ನೋ ಪ್ರಯೋಗ ಮಾಡಿದ್ವು. ನಾಸಾದ ಎಟಿಎಸ್-6 ಅನ್ನೋ ಉಪಗ್ರಹ ಕಡ ತಗೊಂಡು, ಆಕಾಶದಿಂದ ಸೀದಾ ಹಳ್ಳಿಗೆ ಟಿವಿ ಇಳಿಸಿದ್ರು. ಆರು ರಾಜ್ಯದಾಗ ಸುಮಾರು 2,400 ಹಳ್ಳಿ ಆರಿಸಿದ್ರು. ಕರ್ನಾಟಕದಾಗ ಮೂರೇ ಜಿಲ್ಲಾ: ಬಿಜಾಪುರ, ರಾಯಚೂರು, ಮತ್ತ ನಮ್ಮ ಗುಲ್ಬರ್ಗಾ. ಆಗ ಯಾದಗಿರಿ ಜಿಲ್ಲಾ ಅಂತ ಇರ್ಲಿಲ್ಲ. ಶಹಾಪುರ, ಸುರಪುರ ಎಲ್ಲಾ ಗುಲ್ಬರ್ಗಾ ಜಿಲ್ಲಾದಾಗೇ ಇದ್ವು.

ಇದರ ಹಿಂದ ಇದ್ದವ್ರು ವಿಕ್ರಮ್ ಸಾರಾಭಾಯ್. ಟಿವಿ ಮೊದಲು ದೊಡ್ಡ ಪಟ್ಟಣಕ್ಕ ಬಂದು, ಆಮ್ಯಾಲ ಯಾವಾಗರ ಹಳ್ಳಿಗೆ ಮುಟ್ಟೋದು ಬ್ಯಾಡ, ಹಿಂದುಳಿದ ಹಳ್ಳಿಗೇ ಮೊದಲು ಮುಟ್ಲಿ ಅನ್ನೋದು ಅವರ ವಿಚಾರ. 1969ರಾಗ ನಾಸಾ ಜೋಡಿ ಕರಾರು ಆತು. ಆದ್ರ ಅದನ್ನ ಕಣ್ಣಿಲೆ ನೋಡೋ ಭಾಗ್ಯ ಅವರಿಗೆ ಸಿಗ್ಲಿಲ್ಲ. 1971ರ ಡಿಸೆಂಬರಿನ್ಯಾಗೇ ತೀರಿಕೊಂಡ್ರು.

ನಮ್ಮವ್ವನ ತವರು ಕಲಬುರಗಿ ಕಡಿ ಒಂದು ಹಳ್ಳಿ. ಅಲ್ಲಿ ಸಾಲ್ಯಾಗ ಅಂಥ ಟಿವಿ ಒಂದು ಬಂದಿತ್ತು. ನನಗ ಆಗ ಏಳು ವರ್ಷ. ಬ್ಯಾಸಗಿ ಸೂಟಿಗೆ ಹೋದಾಗ ನೋಡಿದ್ದು ಮಂಜು ಮಂಜಾಗಿ ನೆನಪದ. ಉಳಿದದ್ದೆಲ್ಲಾ ಅವ್ವ ಹೇಳಿದ್ದು. ಸಾಲಿ ಮುಂದ ಹತ್ತು ಫೂಟ್ ಅಗಲದ ಒಂದು ದೊಡ್ಡ ತಾಟು ನಿಲ್ಲಿಸಿದ್ರು. ಅದು ತಗಡಿಂದಲ್ಲ, ಕೋಳಿಗೂಡಿಗೆ ಹೊಡೀತಾರಲ್ಲ, ಅಂಥ ತಂತಿ ಜಾಳಗೀದು. ಅಗ್ಗದ ಸಾಮಾನಿಲೆ ಮಾಡಬೇಕು, ಹಳ್ಯಾಗ ಕೂಡಿಸಾಕ ಸಸಾರ ಇರಬೇಕು ಅಂತ ಇಸ್ರೋದವ್ರೇ ಹಂಗ ಮಾಡಿದ್ರು. ಟಿವಿ ಸೆಟ್ ಹೈದರಾಬಾದಿನ ಇಸಿಐಎಲ್ ಕಾರ್ಖಾನಿದು. ಉಪಗ್ರಹ ಆಫ್ರಿಕಾದ ಮ್ಯಾಲ ನಿಂತಿತ್ತು. ಅದಕ್ಕ ನಮ್ಮೂರ ತಾಟಿನ ಮಾರಿ ಪಡುವಣಕ್ಕ, ಹೊತ್ತು ಮುಣಗೋ ದಿಕ್ಕಿಗೆ. “ನಮ್ಮೂರ ಟಿವಿ ದಿನಾ ಸಂಜಿಕಿ ಸೂರ್ಯಾನ ಮಾರಿ ನೋಡ್ತಿತ್ತು” ಅಂತಿದ್ದಳು ಅವ್ವ. ಇಂಥಾದೇ ಒಂದು ಸೆಟ್ ಇಸ್ರೋದವ್ರು ಕೊಲಂಬೋದಾಗಿದ್ದ ಲೇಖಕ ಆರ್ಥರ್ ಕ್ಲಾರ್ಕ್ ಅವರ ಮನ್ಯಾಗೂ ಕೂಡಿಸಿದ್ರು. ಆಕಾಶದಾಗ ಉಪಗ್ರಹ ನಿಲ್ಲಿಸಿ ಲೋಕಕ್ಕೆಲ್ಲಾ ಸುದ್ದಿ ಮುಟ್ಟಿಸಬಹುದು ಅಂತ 1945ರಾಗೇ ಬರದಿದ್ದವರು ಅವರು. ಅವರ ಮನ್ಯಾಗ ಕಂಡ ಟಿವಿ, ನಮ್ಮ ಹಳ್ಳಿ ಸಾಲ್ಯಾಗ ಕಂಡ ಟಿವಿ ಒಂದೇ ಥರಾದ್ದು ಅಂದ್ರ ನನಗ ಈಗೂ ಸೋಜಿಗ ಆಗ್ತದ.

ದಿನಕ್ಕ ನಾಲ್ಕು ತಾಸು ಕಾರ್ಯಕ್ರಮ. ಮುಂಜಾನಿ ಒಂದೂವರಿ ತಾಸು ಸಾಲಿ ಹುಡುಗರಿಗೆ, ಸಂಜಿಕಿ ಎರಡೂವರಿ ತಾಸು ದೊಡ್ಡವರಿಗೆ. ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನೆ, ಹಾಡು ಕುಣಿತ. ಕನ್ನಡ ಕಾರ್ಯಕ್ರಮ ಹೈದರಾಬಾದಿನ್ಯಾಗ ತಯಾರಾಗ್ತಿದ್ವು. ಒಂದೇ ಚಿತ್ರದ ಜೋಡಿ ಎರಡು ಭಾಷಾದ ದನಿ ಕಳಸೋ ಸೌಲತ್ತೂ ಆ ಉಪಗ್ರಹದಾಗ ಇತ್ತು. ಕೆಲವು ಊರಾಗ ಕರೆಂಟೇ ಇರ್ಲಿಲ್ಲ, ಅಲ್ಲಿ ಬ್ಯಾಟರಿ ಮ್ಯಾಲ ಟಿವಿ ನಡಿಸಿದ್ರು.

ಟಿವಿ ಖೋಲಿ ಕೀಲಿ ಮಾಸ್ತರ ಕೈಯಾಗ. ಕೆಟ್ರ ಅವರೇ ಕಾರ್ಡ್ ಬರದು ಹಾಕ್ತಿದ್ರಂತ, ಜೀಪಿನ್ಯಾಗ ರಿಪೇರಿಯವ್ರು ಬರ್ತಿದ್ರಂತ. ಗಂಡ್ಮಕ್ಕಳು ಮುಂದ, ಹುಡುಗರು ಅವರ ಕಾಲಾಗ, ಹೆಣ್ಮಕ್ಕಳು ಹಿಂದ ಗ್ವಾಡಿಗೆ ಹತ್ತಿ. ಒಮ್ಮಿ ಎಳಿಗೂಸಿನ ಆರೋಗ್ಯದ ಬಗ್ಗಿ ಡಾಕ್ಟರಮ್ಮ ಹೇಳೋ ಮುಂದ ಚಿತ್ರ ಹೋತಂತ, ಬರೇ ಚುಕ್ಕಿ ಮಳಿ ಸುರುವಾತಂತ. ಜೋರು ಗಾಳಿಗೆ ತಾಟು ತುಸು ವಾಲಿತ್ತು. ಅದು ಅವ್ವನ ಕಣ್ಣಿಗೆ ಬಿದ್ದಿತ್ತು. ಒಳಗ ಬರೋ ಮುಂದನೇ ನೋಡಿ ಬಂದಿದ್ದಳು. “ತಾಟು ವಾಲ್ಯದ ನೋಡ್ರಿ” ಅಂತ ಹಿಂದಿನಿಂದ ಅಂದ್ರ, ಯಾರೋ ಹಿರಿಯರು, “ಸುಮ್ಕ ಕುಂದ್ರವ್ವ, ನಿನಗೇನು ತಿಳೀತದ” ಅಂದ್ರಂತ. ಹೆಣ್ಮಕ್ಕಳೆಲ್ಲಾ ರೊಟ್ಟಿ ಬಡಿಯೋ ಹೊತ್ತಾತಂತ ಎದ್ದು ಹೋದ್ರು. ಮೂರು ದಿನದ ಮ್ಯಾಲ ಜೀಪ್ ಬಂತು. ಅವ್ರೂ ತಾಟು ಸೀದಾ ಮಾಡಿದ್ರು, ಅಷ್ಟೆ. ಡಾಕ್ಟರಮ್ಮ ಮುಂದ ಏನು ಹೇಳಿದಳೋ ಅವ್ವಗ ಗೊತ್ತಾಗ್ಲೇ ಇಲ್ಲ. ಆ ಕೂಸು ನನ್ನ ತಮ್ಮ. ದೇವರ ದಯೆಯಿಂದ ಚಲೋ ಅದಾನ. ಆದ್ರ ಅವ್ವ ಸಾಯೋ ತನಕ ಆ ಮಾತು ಮರೀಲಿಲ್ಲ.

ಒಂದು ವರ್ಷ ಮುಗದು 1976ರ ಜುಲೈ 31ಕ್ಕ ಕಾರ್ಯಕ್ರಮ ನಿಂತ್ವು. ಉಪಗ್ರಹ ಕಡ ತಂದದ್ದಲ್ಲ, ತಿರುಗಿ ಅಮೆರಿಕಾದ ಕಡಿ ಹೊಂಟಿತು. ಮಂದಿ ಸಾಲಿ ಮುಂದ ಬಂದು “ಟಿವಿ ಕೆಟ್ಟದೇನ್ರಿ ಮಾಸ್ತರ” ಅಂತ ಕೇಳ್ತಿದ್ರಂತ. ಟಿವಿ ಕೆಟ್ಟಿರ್ಲಿಲ್ಲ, ಕಳಸವ್ರೇ ಇರ್ಲಿಲ್ಲ. ನೋ ಸಿಗ್ನಲ್ ಅಂದ್ರ ಅದೇ ನೋಡ್ರಿ. ನಿಮ್ಮ ಮನಿ ಟಿವಿ ಹಂಗಂದಾಗ ಪೆಟ್ಟಿಗಿ ಚಲೋನೇ ಇರ್ತದ, ಅದಕ್ಕ ಬರೋ ದಾರಿ ಎಲ್ಲೋ ಕಡದಿರ್ತದ.

ಆಮ್ಯಾಲ 1977ರಾಗ ಗುಲ್ಬರ್ಗಾದಾಗ ದೂರದರ್ಶನದ ಟವರ್ ಬಂತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರ್ 1ಕ್ಕ. ನಾಲ್ಕು ವರ್ಷ ನಾವೇ ಮುಂದಿದ್ವಿ. ಟವರ್ ಬಂದ ಮ್ಯಾಲ ಆ ದೊಡ್ಡ ತಾಟು ಬ್ಯಾಡಾತು. ಅವ್ವನ ಊರಾಗ ಅದರ ಜಾಳಗಿ ಕೊನಿಗೆ ಯಾರದೋ ಕೋಳಿಗೂಡಿಗೇ ಹೋತಂತ.

ನನ್ನ ಲಗ್ನ ಆದದ್ದು 1988ರಾಗ. ಗಂಡನ ಮನಿ ಶಹಾಪುರ ಹತ್ರ. ಮಾವನವರು ಕಟಗಿ ಪೆಟ್ಟಿಗಿದು, ಬಾಗಲ ಸರಿಸೋ ಕಪ್ಪು ಬಿಳುಪಿನ ಟಿವಿ ತಂದಿದ್ರು. ಅದೇ ವರ್ಷ ರಾಮಾಯಣ ಮುಗದು ಮಹಾಭಾರತ ಸುರು ಆಗಿತ್ತು. ಐತವಾರ ಮುಂಜಾನಿ ಓಣಿ ಓಣಿನೇ ನಮ್ಮ ಪಡಸಾಲ್ಯಾಗ. ಚಪ್ಪಲ್ ಎಣಿಸಿದ್ರ ಜಾತ್ರಿ ಅನ್ನಬೇಕು.

ಕಲಬುರಗಿ ನಮಗ ಎಪ್ಪತ್ತು ಕಿಲೋಮೀಟರ್ ಮ್ಯಾಲ ದೂರ. ಅಲ್ಲಿಂದ ಬರೋ ಚಿತ್ರ ಸೋತು ಸುಣ್ಣ ಆಗಿ ಬರ್ತಿತ್ತು. ಅದಕ್ಕ ಉದ್ದ ಪೈಪಿಗೆ ಅಲ್ಯುಮಿನಿಯಂ ಕಡ್ಡಿ ಆಂಟೆನಾ, ಅದಕ್ಕೊಂದು ಬೂಸ್ಟರ್. ಗುಡ್ಡದ ಮರಿಗಿದ್ದ ಮನಿಗೆ ಒಂದಕ್ಕ ಎರಡು ಚಿತ್ರ ಕಾಣ್ತಿದ್ವು. ಅರ್ಜುನನ ಹಿಂದ ಇನ್ನೊಬ್ಬ ಅರ್ಜುನ ನೆರಳಿನಂಗ ನಿಂತಿರ್ತಿದ್ದ. ದೆವ್ವ ಅಂತ ಹುಡುಗರು ಅಂತಿದ್ರು. ಸೀದಾ ಬಂದ ಸಿಗ್ನಲ್ ಒಂದು, ಗುಡ್ಡಕ್ಕ ಬಡದು ತಡಾ ಮಾಡಿ ಬಂದದ್ದು ಇನ್ನೊಂದು. ಚಿತ್ರ ಗಿರಣಿ ಪಟ್ಟಾದಂಗ ಮ್ಯಾಲಕ್ಕ ಉರುಳಾಕ ಹತ್ತಿದ್ರ ಹಿಂದಿದ್ದ ಒಂದು ಸಣ್ಣ ಗುಂಡಿ ತಿರುವಬೇಕಿತ್ತು. ಪಂಪ್‌ಸೆಟ್ ಚಾಲೂ ಆಗಿ ವೋಲ್ಟೇಜ್ ಇಳದ್ರ ಚಿತ್ರನೇ ನಾಲ್ಕೂ ಕಡೀಂದ ಕುಗ್ಗಿ ಸಣ್ಣದಾಗ್ತಿತ್ತು. ಅದಕ್ಕ ಮನಿ ಮನ್ಯಾಗ ಸ್ಟೆಬಿಲೈಜರ್ ಬಂದ್ವು.

ಒಂದು ಐತವಾರ ಗಂಡ್ಮಕ್ಕಳೆಲ್ಲಾ ಒಂದು ಲಗ್ನಕ್ಕ ಹೋಗಿದ್ರು. ಮನ್ಯಾಗ ಮೂವತ್ತು ಮಂದಿ ಹೆಣ್ಮಕ್ಕಳು, ಮುದುಕೇರು. ಮಹಾಭಾರತದ ಸಂಖ ಊದೋ ಹೊತ್ತಿಗೆ ಚುಕ್ಕಿ ಮಳಿ. ಮಂಗ್ಯಾ ಹತ್ತಿ ಆಂಟೆನಾ ತಿರುವಿ ಹೋಗಿತ್ತು. ಹೊಸಾ ಸೊಸಿ ನಾನು, ತೆಲಿ ಮ್ಯಾಲ ಸೆರಗು. ಹಗಲೊತ್ತಿನ್ಯಾಗ ಮಾಳಿಗಿ ಹತ್ತಿ ಓಣಿ ಮಂದಿಗೆ ಕಾಣೋದು ಅಂದ್ರ ಆಗ ದೊಡ್ಡ ಮಾತು. ನನಗ ಅವ್ವನ ಆ ತಾಟು ನೆನಪಾತು. ಅತ್ತಿಯವರ ಮಾರಿ ನೋಡಿದೆ. ಅವರು ಒಂದು ಗಳಿಗಿ ಸುಮ್ಮನಿದ್ದು, “ಹತ್ತವ್ವ, ನಾ ಏಣಿ ಹಿಡೀತೀನಿ” ಅಂದ್ರು.

ಮ್ಯಾಲ ಹೋಗಿ ನೋಡಿದ್ರ ಓಣ್ಯಾಗಿನ ಎಲ್ಲಾ ಆಂಟೆನಾ ಉತ್ತರಕ್ಕ ಮಾರಿ ಮಾಡಿ ನಿಂತಿದ್ವು, ಯಾಕಂದ್ರ ಕಲಬುರಗಿ ನಮಗ ನೆಟ್ಟಗ ಉತ್ತರಕ್ಕ. ನಮ್ಮದೊಂದೇ ಮೂಡಣಕ್ಕ ತಿರುಗಿತ್ತು. ಸಣ್ಣ ಕಡ್ಡಿ ಮುಂದ, ಉದ್ದ ಕಡ್ಡಿ ಹಿಂದ ಇರೋದನ್ನ ಬಾಜೂ ಮನಿದು ನೋಡಿ ತಿಳ್ಕೊಂಡೆ. ಪೈಪ್ ತಿರುವಿದೆ. ಕೆಳಗಿಂದ “ಬಂತು, ಬಂತು... ಹೋತು... ಬಂತು, ಅಲ್ಲೇ ಬಿಡು!” ಅಂತ ಮೂವತ್ತು ಮಂದಿ ಒದರಿದ್ರು. ಇಳದು ಬಂದಾಗ ಒಬ್ಬ ಮುದುಕಿ ನನ್ನ ಕೈಯಾಗ ಸಕ್ರಿ ಇಟ್ಟಳು. ಸಂಜಿಕಿ ಮಾವನವರಿಗೆ ಸುದ್ದಿ ಮುಟ್ಟಿತು. ಬೈತಾರಂತ ನಾ ಅಡಗಿ ಮನ್ಯಾಗೇ ಇದ್ದೆ. ಅವರು ಏನೂ ಅನ್ಲಿಲ್ಲ. ಮುಂದಿನ ಸಂತಿಗೆ ಹೋದವರು ಒಂದು ಟೆಸ್ಟರ್ ತಂದು ಟಿವಿ ಮ್ಯಾಲ ಇಟ್ಟು, “ಇದು ಮನ್ಯಾಗ ಇರ್ಲಿ” ಅಂದ್ರು. ಆ ಟೆಸ್ಟರ್ ಇವತ್ತಿಗೂ ನನ್ನ ಮಸಾಲಿ ಡಬ್ಬಿ ಬಾಜೂಕ ಅದ.

ಧೈರ್ಯ ಬಂತಂತ ಎಲ್ಲಾ ಬಿಚ್ಚಬಾರದು, ಅದನ್ನೂ ಹೇಳ್ತೀನಿ. ಹಳಿ ಡಬ್ಬಿ ಟಿವಿಯೊಳಗಿನ ಪಿಕ್ಚರ್ ಟ್ಯೂಬಿನ್ಯಾಗ ಸಾವಿರಾರು ವೋಲ್ಟ್ ಇರ್ತದ. ಸ್ವಿಚ್ ತಗದ ಮ್ಯಾಲೂ ಅದು ಒಳಗ ಉಳೀತದ. ಹಂಗೇ ಗುಡುಗು ಸಿಡ್ಲು ಬಂದ್ರ ಪ್ಲಗ್ಗೂ ಕಿತ್ತಿಡಬೇಕು, ಆಂಟೆನಾ ವಾಯರ್ರೂ ಕಿತ್ತಿಡಬೇಕು, ಅದೂ ಸಿಡ್ಲು ಹತ್ರ ಬರೋಕಿನ ಮೊದಲೇ. ಬರೇ ಸ್ವಿಚ್ ಬಂದ್ ಮಾಡಿದ್ರ ಸಾಲದು. ಹಿಂದಿನ ಮುಚ್ಚಳ ಬಿಚ್ಚೋ ಕೆಲಸ ಕಲಿತವ್ರಿಗೇ ಬಿಡ್ರಿ. ಹೊರಗಿನ ವಾಯರ್, ಪ್ಲಗ್, ರಿಮೋಟ್ ಮಾತ್ರ ನಮ್ಮ ಸೀಮಿ.

1994ರಾಗ ಉದಯ ಟಿವಿ ಬಂತು. ಊರಾಗ ಕೇಬಲ್ ಎಳದ್ರು, ಆಂಟೆನಾ ಮ್ಯಾಲ ಕಾಗಿ ಕುಂತ್ವು. 2004ರ ಡಿಸೆಂಬರಿನ್ಯಾಗ ದೂರದರ್ಶನದ ಫ್ರೀ ಡಿಶ್ ಸುರು ಆತು. ಆಗ ಅದಕ್ಕ ಡಿಡಿ ಡೈರೆಕ್ಟ್ ಪ್ಲಸ್ ಅಂತಿದ್ರು. ಮತ್ತ ಉಪಗ್ರಹ, ಮತ್ತ ತಾಟು. ಆದ್ರ ಹತ್ತು ಫೂಟಿನ ತಾಟು ಈಗ ರೊಟ್ಟಿ ಬುಟ್ಟಿಯಷ್ಟಾಗಿತ್ತು. ದಿಕ್ಕೂ ಬದಲಾತು. 1975ರ ತಾಟು ಪಡುವಣಕ್ಕ, 1977ರ ಆಂಟೆನಾ ಉತ್ತರಕ್ಕ, ಫ್ರೀ ಡಿಶ್ ಆಗ್ನೇಯಕ್ಕ, ದೇವರ ಮನಿ ಬಿಟ್ಟು ಒಲಿ ಇರ್ತದಲ್ಲ ಆ ಮೂಲಿಗೆ. 2012ರಿಂದ 2017ರೊಳಗ ಕೇಬಲ್ಲೂ ಹಂತ ಹಂತಾಗಿ ಡಿಜಿಟಲ್ ಆಗಿ ಮನಿ ಮನಿಗೆ ಸೆಟ್ ಟಾಪ್ ಬಾಕ್ಸ್ ಬಂತು. 2021–22ರಾಗ ದೇಶದ ತುಂಬ ಹಳಿ ಅನಲಾಗ್ ಟವರ್ ಬಂದ್ ಮಾಡಿದ್ರು, ಕಲಬುರಗಿದೂ ಅದರಾಗ ಹೋತು. ಉತ್ತರಕ್ಕ ಮಾರಿ ಮಾಡಿದ ಆಂಟೆನಾ ಇನ್ನೂ ಕೆಲವರ ಮಾಳಿಗಿ ಮ್ಯಾಲ ನಿಂತಾವ, ಅರಿವಿ ಒಣಗಿಸಾಕ ಹಗ್ಗ ಕಟ್ಟಲಿಕ್ಕೆ ಬರ್ತಾವ.

ಇಲ್ಲಿ ಒಂದು ಫರಕ್ ತಿಳ್ಕೋಬೇಕು. ಹಳಿ ಟಿವಿ ಕೆಡೋಕಿನ ಮೊದಲು ಹೇಳ್ತಿತ್ತು. ಮೊದಲು ನಾಲ್ಕು ಚುಕ್ಕಿ, ಆಮ್ಯಾಲ ಮಳಿ, ಆಮ್ಯಾಲ ಚಿತ್ರ ಹೋಗಿ ಬರೇ ದನಿ. ಡಿಜಿಟಲ್ ಟಿವಿ ಹಂಗಲ್ಲ. ಚಲೋ ಇರೋ ತನಕ ಕನ್ನಡಿಯಂಗ ಇರ್ತದ, ಸಿಗ್ನಲ್ ತುಸು ಇಳೀತಂದ್ರ ಚಿತ್ರ ಚೌಕ ಚೌಕಾಗಿ ಒಡದು ಒಮ್ಮೆಲೆ ಹೋಗ್ತದ. ಜೋರು ಮಳಿಗೆ ಡಿಶ್ ಹೋದ್ರ ಅದು ಕೆಟ್ಟಿಲ್ಲ, ನೀರಿನ ಹನಿ ಸಿಗ್ನಲ್ ನುಂಗಿರ್ತಾವ. ಮಳಿ ನಿಂತ ಮ್ಯಾಲ ತಾನೇ ಬರ್ತದ, ಯಾರಿಗೂ ರೊಕ್ಕ ಕೊಡಬ್ಯಾಡ್ರಿ. ಮಳಿ ಇಲ್ಲದೆ ಹೋದ್ರ ಮೊದಲು ರೀಚಾರ್ಜ್ ಮುಗದದೇನು ನೋಡ್ರಿ. ಆಮ್ಯಾಲ ರಿಮೋಟಿನ ಸೋರ್ಸ್ ಗುಂಡಿ ಹುಡುಗರು ಒತ್ಯಾರೇನು ನೋಡ್ರಿ. ಆಮ್ಯಾಲ ಬಾಕ್ಸಿನ ಪ್ಲಗ್ ಕಿತ್ತು, ಐದು ನಿಮಿಷ ಬಿಟ್ಟು ಹಾಕ್ರಿ. ದನಿ ಬಂದು ಚಿತ್ರ ಬರದಿದ್ರ ಮಾತ್ರ ಟಿವಿಯೊಳಗಿನ ಲೈಟ್ ಹೋಗಿರಬಹುದು. ಕತ್ತಲ ಖೋಲ್ಯಾಗ ಟಾರ್ಚ್ ಬಿಟ್ಟು ಪರದಿ ಹತ್ರ ಹಿಡದು ನೋಡಿದ್ರ ಚಿತ್ರ ಮಬ್ಬಾಗಿ ಕಾಣ್ತದ. ಕಂಡ್ರ ರಿಪೇರಿಯವ್ರಿಗೆ “ಬ್ಯಾಕ್‌ಲೈಟ್ ನೋಡ್ರಿ” ಅಂತ ನೀವೇ ಹೇಳಬಹುದು. ಹಂಗ ಹೇಳಿದವ್ರಿಗೆ ಯಾರೂ ಮೂರು ಸಾವಿರದ ಬೋರ್ಡ್ ಮಾರಾಕ ಬರೋದಿಲ್ಲ.

ಈಗ ಮೊಬೈಲಿಗೆ ಬರ್ತೀನಿ. ಅದರ ತಾರೀಖೂ ಜುಲೈ 31 ನೋಡ್ರಿ. 1995ರ ಜುಲೈ 31ಕ್ಕ ಕಲ್ಕತ್ತಾದಿಂದ ಮುಖ್ಯಮಂತ್ರಿ ಜ್ಯೋತಿ ಬಸು ದಿಲ್ಲಿಯೊಳಗಿದ್ದ ಕೇಂದ್ರ ಮಂತ್ರಿ ಸುಖ್ ರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರಿ ಮಾಡಿದ್ರು. ಆವಾಗ ಬಂದ ಕರಿಗೂ ರೊಕ್ಕ ಬೀಳ್ತಿತ್ತು. 2003ರ ಮೇ ತಿಂಗಳಿಂದ ಒಳಬರೋ ಕರಿ ಪುಕ್ಕಟಿ ಆತು. ಆಮ್ಯಾಲೇ ನಮ್ಮಂಥವರ ಮನಿಗೆ ಮೊಬೈಲ್ ಬಂದದ್ದು. ಅದೇ ವರ್ಷ ಬಂದ ನೋಕಿಯಾ 1100ಕ್ಕ ಟಾರ್ಚ್ ಇತ್ತು. ಕರೆಂಟ್ ಹೋಗೋ ನಮ್ಮ ಊರಿಗೆ ಅದು ಫೋನಿಗಿಂತ ಹೆಚ್ಚಿಗಿ ಕಂದೀಲು.

2007ರ ಆಗಸ್ಟಿನ್ಯಾಗ ಒಂದು ಗದ್ದಲ ಆತು, ನಿಮಗೂ ನೆನಪಿರಬೇಕು. ಬಿಎಲ್-5ಸಿ ಅನ್ನೋ ಬ್ಯಾಟರಿ ಚಾರ್ಜ್ ಮಾಡೋ ಮುಂದ ಬಿಸಿ ಆಗಬಹುದಂತ ನೋಕಿಯಾದವ್ರೇ ಹೇಳಿ, 4.6 ಕೋಟಿ ಬ್ಯಾಟರಿ ಬದಲಿ ಕೊಡ್ತೀವಿ ಅಂದ್ರು. ಬ್ಯಾಟರಿ ಮ್ಯಾಲಿನ 26 ಅಕ್ಷರದ ನಂಬರ್ ಕಳಸಿದ್ರ ಕೆಟ್ಟದ್ದೋ ಚಲೋದೋ ಅಂತ ತಿಳೀತಿತ್ತು. ನಮ್ಮ ಓಣಿ ಹೆಣ್ಮಕ್ಕಳ ಬ್ಯಾಟರಿಯೆಲ್ಲಾ ತಗದು, ಕನ್ನಡಕ ಹಾಕ್ಕೊಂಡು ಆ ಸಣ್ಣ ಅಕ್ಷರ ಓದಿದಾಕಿ ನಾನೇ. ನಮ್ಮದು ಯಾರದೂ ಆ ಯಾದ್ಯಾಗ ಇರ್ಲಿಲ್ಲ. ಆದ್ರ ಅವತ್ತು ಒಂದು ಕಲಿತೆ, ಬ್ಯಾಟರಿ ಅನ್ನೋದು ಸಣ್ಣ ಒಲಿ ಇದ್ದಂಗ. ಈಗಿನ ಫೋನಿನ ಬೆನ್ನು ಉಬ್ಬಿತು, ಪರದಿ ಮ್ಯಾಲಕ್ಕ ಎದ್ದಿತು ಅಂದ್ರ ಬ್ಯಾಟರಿ ಬಾತದ ಅಂತ ತಿಳೀರಿ. ಅದನ್ನ ಒತ್ತಬ್ಯಾಡ್ರಿ, ಚುಚ್ಚಬ್ಯಾಡ್ರಿ, ಚಾರ್ಜಿಗೂ ಹಾಕಬ್ಯಾಡ್ರಿ, ಬಂದ್ ಮಾಡಿ ಅಂಗಡಿಗೆ ಒಯ್ರಿ. ದಿಂಬಿನ ಕೆಳಗ, ಒಲಿ ಬಾಜೂಕ ಚಾರ್ಜಿಗೆ ಇಡೋದು ಇವತ್ತೇ ಬಿಡ್ರಿ.

ಇನ್ನ ಮುಂದಿಂದು ಬರೀಲಿಕ್ಕೆ ಕೈ ಸ್ವಲ್ಪ ಹಿಂಜರೀತದ. 2017ರಾಗ ನನ್ನ ಕೈಗೆ ಮೊದಲ ಸ್ಮಾರ್ಟ್‌ಫೋನ್ ಬಂತು. ಅವ್ವ ಆಗ ನಮ್ಮ ಮನಿಗೆ ಬಂದು ಇರ್ತಿದ್ದಳು. ಮಧ್ಯಾಹ್ನ ಹೊತ್ತು ಆಕಿ ಬೀಸೋ ಪದ ಹೇಳೋದು, ಆ ತಾಟಿನ ಟಿವಿ ಕಥಿ ಹೇಳೋದು, ನಾ ಫೋನಿನ್ಯಾಗ ತುಂಬಿಸಿ ಇಡೋದು. ಇಪ್ಪತ್ತಕ್ಕ ಮ್ಯಾಲ ಆಗಿದ್ವು. ಮರು ವರ್ಷ ಶ್ರಾವಣದಾಗ ಆ ಫೋನ್ ನೀರಿನ ಬಾನ್ಯಾಗ ಬಿತ್ತು. ತಗದೆ. ಬಂದ್ ಆಗಿತ್ತು. ಹೆದರಿ ಮತ್ತ ಮತ್ತ ಚಾಲೂ ಮಾಡಿ ನೋಡಿದೆ, ಚಾರ್ಜಿಗೂ ಹಾಕಿದೆ. ಆಂಟೆನಾ ತಿರುವಿದ ಈ ಕೈ ಅವತ್ತು ಅಷ್ಟು ದೊಡ್ಡ ತಪ್ಪು ಮಾಡಿತು. ನೀರಿಗಿಂತ ಹೆಚ್ಚಿಗಿ ಕೆಡಿಸೋದು ನೀರು ಇದ್ದಾಗ ಹರಿಯೋ ಕರೆಂಟು. ಆಮ್ಯಾಲ ಫೋನ್ ಹೆಸರು ತೋರಿಸಿ ಅಲ್ಲೇ ನಿಲ್ಲಾಕ ಹತ್ತಿತು. ಒಂದು ಅಂಗಡಿಗೆ ಕೊಟ್ವಿ. ಸಂಜಿಕಿ “ಆತ್ರಿ ಅಕ್ಕೋರೆ, ಸಾಫ್ಟ್‌ವೇರ್ ಹೊಡದೀನಿ” ಅಂತ ಕೊಟ್ಟ ಹುಡುಗ. ಫೋನ್ ಹೊಸಾದರಂಗ ನಡೀತು. ಒಳಗ ಏನೂ ಇರ್ಲಿಲ್ಲ. ಅವ ನನ್ನ ಕೇಳಲಿಲ್ಲ, ನಾನೂ ಅವಗ ಹೇಳಲಿಲ್ಲ. ಅವನ ತಪ್ಪು ಅಂತ ನಾ ಅನ್ನೋದಿಲ್ಲ. ಅವ್ವಗ ನಾ ಆ ಸುದ್ದಿ ಹೇಳಲೇ ಇಲ್ಲ. ಮತ್ತ ತುಂಬಿಸಿಕೊಂಡ್ರಾತು ಅಂತ ಇದ್ದೆ. ಇವತ್ತು ನಾಳಿ ಅನ್ನೋದ್ರಾಗ 2019ರಾಗ ಆಕಿ ಹೋದಳು.

ರೇಡಿಯೋ ಕೆಟ್ರ ಹಾಡು ಕೆಡ್ತಿರ್ಲಿಲ್ಲ. ಟಿವಿ ಕೆಟ್ರ ಮಹಾಭಾರತ ಬಾಜೂ ಮನ್ಯಾಗ ನಡೀತಿತ್ತು. ಮೊಬೈಲ್ ಹಂಗಲ್ಲ. ಅದರಾಗ ನಮ್ಮ ಮಂದಿ ಇರ್ತಾರ. ಈ ಐವತ್ತು ವರ್ಷದಾಗ ಆದ ದೊಡ್ಡ ಬದಲಾವಣಿ ನನ್ನ ಲೆಕ್ಕದಾಗ ಇದೇ.

ಅದಕ್ಕ ನಾ ಕಳಕೊಂಡು ಕಲಿತದ್ದನ್ನ ನಿಮಗ ಹೇಳ್ತೀನಿ. ಫೋನ್ ನೀರಾಗ ಬಿದ್ರ ತಗದ ಕೂಡ್ಲೆ ಬಂದ್ ಮಾಡ್ರಿ, ಬಂದ್ ಆಗಿದ್ರ ಚಾಲೂ ಮಾಡಬ್ಯಾಡ್ರಿ. ಚಾರ್ಜಿಗೆ ಅಂತೂ ಬ್ಯಾಡೇ ಬ್ಯಾಡ. ಸಿಮ್, ಮೆಮರಿ ಕಾರ್ಡ್ ತಗೀರಿ. ಅರಿವೀಲೆ ಒರಸಿ, ಚಾರ್ಜಿನ ತೂತು ಕೆಳಗ ಮಾಡಿ, ಫ್ಯಾನ್ ಗಾಳಿಗೆ ಒಂದೆರಡು ದಿನ ಬಿಡ್ರಿ. ಅಕ್ಕಿ ಡಬ್ಬ್ಯಾಗ ಹುಗಿಯೋದು ಬ್ಯಾಡ, ಅಕ್ಕಿ ಪುಡಿ ತೂತಿನ್ಯಾಗ ಹೋಗಿ ಕೂಡ್ತದ. ಒಲಿ ಹತ್ರ, ಕೂದಲು ಒಣಗಸೋ ಮಿಷನ್ ಹತ್ರ ಒಯ್ಯಬ್ಯಾಡ್ರಿ. ರಿಪೇರಿಗೆ ಕೊಡೋ ಮುಂದ “ಒಳಗಿಂದು ಅಳಸೋದಿದ್ರ ನನ್ನ ಕೇಳಿ ಅಳಸು ತಮ್ಮಾ” ಅಂತ ಬಾಯಿಬಿಟ್ಟು ಹೇಳ್ರಿ. ಎಲ್ಲಕ್ಕಿಂತ ಮೊದಲು, ಫೋನ್ ಚಲೋ ಇದ್ದಾಗೇ ಹಿರಿಯರ ದನಿ, ಫೋಟೋ ಇನ್ನೊಂದು ಕಡಿ ಇಡ್ರಿ. ಮಗಳ ಫೋನಿಗೆ ಕಳಸ್ರಿ, ಪೆನ್‌ಡ್ರೈವಿನ್ಯಾಗ ಹಾಕಿಸ್ರಿ. ಉಪ್ಪಿನಕಾಯಿ ಒಂದೇ ಭರಣ್ಯಾಗ ಇಡ್ತೀವೇನ್ರಿ ನಾವು?

ಉಳಿದ ಸಣ್ಣಪುಟ್ಟವು ಹೆದರೋವಲ್ಲ. ಚಾರ್ಜ್ ಆಗಲಿಲ್ಲಂದ್ರ ಮೊದಲು ಬ್ಯಾರೆ ವಾಯರ್ ಹಾಕಿ ನೋಡ್ರಿ, ಆಮ್ಯಾಲ ಫೋನ್ ಬಂದ್ ಮಾಡಿ ಕಟಗಿ ಹಲ್ಲುಕಡ್ಡೀಲೆ ತೂತಿನ್ಯಾಗಿನ ಅರಳಿ ಎಳಿ ಮೆತ್ತಗ ತಗೀರಿ, ಸೂಜಿ ಬ್ಯಾಡ. ನೆಟ್‌ವರ್ಕ್ ಹೋದ್ರ ವಿಮಾನದ ಚಿತ್ರ ಒತ್ತಿ, ಹತ್ತು ಎಣಿಸಿ, ಮತ್ತ ಒತ್ರಿ. ಫೋನ್ ಮಂದ ಆದ್ರ ಅದರ ಹೊಟ್ಟಿ ತುಂಬ್ಯದ ಅಂತ ಅರ್ಥ, ದಿನಾ ಬರೋ ಶುಭೋದಯದ ಹೂವಿನ ಚಿತ್ರ ಅಳಸ್ರಿ. *#06# ಒತ್ತಿದ್ರ 15 ಅಂಕಿ ನಂಬರ್ ಬರ್ತದ, ಅದನ್ನ ರೇಶನ್ ಕಾರ್ಡಿನ ಹಿಂದ ಬರದಿಡ್ರಿ. ಫೋನ್ ಕಳದ್ರ ಸರ್ಕಾರದ ಸಂಚಾರ ಸಾಥಿಯೊಳಗ ಅದೇ ನಂಬರ್ ಹೇಳಿ ಬಂದ್ ಮಾಡಿಸಬಹುದು. ಮತ್ತ “ನಿಮ್ಮ ಸಿಮ್ ಬಂದ್ ಆಗ್ತದ, ಟಿವಿ ರೀಚಾರ್ಜ್ ಸರಿ ಮಾಡ್ತೀವಿ, ಓಟಿಪಿ ಹೇಳ್ರಿ, ಈ ಆಪ್ ಹಾಕ್ಕೊರಿ” ಅಂತ ಯಾರರ ಫೋನ್ ಮಾಡಿದ್ರ ಇಟ್ಟುಬಿಡ್ರಿ. ಓಟಿಪಿ ಕೇಳಿ ರಿಪೇರಿ ಮಾಡೋ ಫೋನ್ ಜಗತ್ತಿನ್ಯಾಗ ಇಲ್ಲ. ರೊಕ್ಕ ಹೋಗೇ ಬಿಟ್ಟಿದ್ರ ತಡಾ ಮಾಡದೆ 1930ಕ್ಕ ಫೋನ್ ಮಾಡ್ರಿ.

ಅವ್ವನ ದನಿ ಹೋತು. ಆಕಿ ಹೇಳಿದ ಕಥಿ ಮಾತ್ರ ನನ್ನ ತೆಲ್ಯಾಗ ಉಳದಿತ್ತು, ಅದನ್ನ ಇಲ್ಲಿ ಇಳಿಸೀನಿ. ಮೊನ್ನೆ ನಮ್ಮ ಮೊಮ್ಮಗಳು, ಎಂಟು ವರ್ಷದಾಕಿ, ಟಿವಿ ಹಿಂದ ಕೈ ಹಾಕಿ ಯಾವ ವಾಯರ್ ಎಲ್ಲಿಗೆ ಹೋಗ್ತದ ಅಂತ ನೋಡಾಕ ಹತ್ತಿದ್ದಳು. ಸೊಸಿ “ಏ, ಮುಟ್ಟಬ್ಯಾಡ” ಅಂದಳು. ನಾ ಅಂದೆ, “ಪ್ಲಗ್ ಕಿತ್ತು ಕೊಡವ್ವ, ಆಮ್ಯಾಲ ಮುಟ್ಲಿ.” ಕೂಸು ಒಂದೊಂದೇ ವಾಯರ್ ಬಿಚ್ಚಿ ಮತ್ತ ಅದರದರ ಜಾಗಾಕ್ಕ ಹಾಕಿದಳು. ಟಿವಿ ಚಾಲೂ ಆತು. ನನ್ನ ಮಸಾಲಿ ಡಬ್ಬಿ ಬಾಜೂಕಿನ ಆ ಟೆಸ್ಟರ್ ಯಾರಿಗೆ ಕೊಡಬೇಕು ಅನ್ನೋ ಚಿಂತಿ ನನಗ ಈಗ ಇಲ್ಲ.